ತೇಲೂರನ್ನು ಮಾಡಿದವರು ಯಾರು?

ಸಿದ್ದಾಪುರದ ಯಂಕವ್ವನಿಗೆ ಭತ್ತದ ಸಸಿ ಹಚ್ಚಲು ಎರಡು ಕೈ ಸಾಕು. ಬಾಯಿಗೆ ಬೇರೆ ಕೆಲಸ ಬೇಕು. ಮೂರು ವರ್ಷದಿಂದ ಆ ಬಾಯಿ ಒಂದೇ ಕಥೆ ಹೇಳುತ್ತಿದೆ. ಎರಡು ಸೂರ್ಯರ ನಡುವೆ ತೇಲೂರು ಎಂಬ ಗ್ರಹವಂತೆ. ಅಲ್ಲಿ ಮೋಡ ಕೆಳಗೆ, ಜನ ಮೇಲೆ. ಜನರೆಲ್ಲ ಹಿಂದಕ್ಕೆ ನಡೆಯುತ್ತಾರಂತೆ. ನಾಟಿಯ ಹೆಂಗಸರಿಗೆ ಆ ಕಥೆಯ ಹುಚ್ಚು ಎಷ್ಟೆಂದರೆ, ಯಂಕವ್ವ ಬರದ ದಿನ ಗದ್ದೆಯೇ ಮುನಿಸಿಕೊಂಡಂತಿರುತ್ತದೆ.

ಎಲ್ಲಿ ಕೇಳಿದಿ ಎಂದರೆ "ರೇಡಿಯೊದಾಗ" ಎನ್ನುತ್ತಾಳೆ. ಸುಳ್ಳು! ಅವಳ ರೇಡಿಯೊ ಕೆಟ್ಟು ಎಷ್ಟು ಕಾಲವಾಯಿತೋ. ಆದರೆ ಕೂಲಿಯವಳ ತಲೆಯಲ್ಲಿ ಹುಟ್ಟಿದ ಗ್ರಹವನ್ನು ಯಾರು ನಂಬುತ್ತಾರೆ ಹೇಳಿ? ನಿಜ ಗೊತ್ತಾದರೆ ಯಾರೂ ಕಥೆ ಕೇಳುವುದಿಲ್ಲ ಎಂಬ ಭಯ ಅವಳಿಗೆ.

ಶ್ರಾವಣದ ಆ ಬೆಳಿಗ್ಗೆ ಗದ್ದೆಯ ನೀರಿನ ತುಂಬ ಆಕಾಶ ಹಾಸಿತ್ತು. ಗಾಳಿಯೂ ಅರೆನಿದ್ದೆಯಲ್ಲಿತ್ತು. ಸಾಲಿನಲ್ಲಿದ್ದ ಕಸ್ತೂರೆಮ್ಮ ಮಾತು ಶುರುಮಾಡಿದಳು.

"ತೇಲೂರು ಹೆಂಗ ಹುಟ್ತು ಅಂತ ನನಗ ಗೊತ್ತಾತು. ದೊಡ್ಡ ಗ್ರಹದ ಸಸಿ ಅದು. ಅಲ್ಲಿ ಕಿತ್ತು ಇಲ್ಲಿ ಹಚ್ಯಾರ."

"ಹಚ್ಚಾಕ ಆಕಾಶದಾಗ ಕೆಸರು ಎಲ್ಲೈತಿ?" ಪಕ್ಕದಲ್ಲಿದ್ದ ಇಮಾಮಬೀ ಸುಮ್ಮನಿರುವ ಹೆಂಗಸೇ! "ಎರಡು ಸೂರ್ಯ ಜಗಳ ಆಡ್ಯಾವ. ಕಿಡಿ ಹಾರೈತಿ. ಆ ಕಿಡಿ ಆರಿ ತೇಲೂರು ಆತು."

"ಆರಿದ ಕೆಂಡದಾಗ ಮೋಡ ಹುಟ್ತಾವೇನ, ಹುಚ್ಚಿ?"

ಸಾಲುಗಳು ಸೊಟ್ಟಗಾದವು. ಕೊನೆಗೆ ಕಸ್ತೂರೆಮ್ಮ ತನ್ನ ಮಗಳು ಅಂಜಲಿಯನ್ನು ನಡುವೆ ಎಳೆದಳು. ಗಂಗಾವತಿಯಲ್ಲಿ ಕಾಲೇಜು ಓದುವ ಹುಡುಗಿ, ರಜೆಗೆ ಬಂದು ಮೊದಲ ಸಲ ಸಾಲಿನಲ್ಲಿ ನಿಂತಿದ್ದಳು.

"ಧೂಳು ಸುತ್ತಿ ಸುತ್ತಿ ಉಂಡಿ ಆಗಿರಬೇಕು," ಎಂದ ಅಂಜಲಿ ಯಂಕವ್ವನ ಕಡೆ ತಿರುಗಿದಳು. "ಆದ್ರ ರೇಡಿಯೊದಾಗ ಏನಂದ್ರು, ಚಿಗವ್ವ? ಯಾವ ಸ್ಟೇಷನ್ನು? ಫೋನಿನ್ಯಾಗ ಹುಡುಕ್ತೀನಿ."

ಯಂಕವ್ವ ಸಿಕ್ಕಿಬೀಳುವಂತಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಮುಚ್ಚಿತು. ತಲೆ ತಗ್ಗಿಸಿ ಸರಸರ ಸಸಿ ಹಚ್ಚುತ್ತ ಹಿಂದೆ ಸರಿದಳು.

ಅಂಜಲಿಯೂ ಸಸಿ ಹಚ್ಚುತ್ತ ಹಿಂದೆ ಸರಿದಳು. ಸರಿಯುತ್ತಿದ್ದವಳು ತಟ್ಟನೆ ನಿಂತಳು. ಕಾಲ ಕೆಳಗೆ ನೀರಿನಲ್ಲಿ ಬಿಳಿ ಮೋಡ, ಪಕ್ಕದಲ್ಲಿ ಇನ್ನೊಬ್ಬ ಸೂರ್ಯ. ಆಚೀಚೆ ನೋಡಿದರೆ, ಬಗ್ಗಿದ ಹೆಂಗಸರೆಲ್ಲ ಆ ಮೋಡದ ಮೇಲೆ ಹಿಂದಕ್ಕೆ ನಡೆಯುತ್ತಿದ್ದಾರೆ.

"ಚಿಗವ್ವ," ಎಂದಳು ಮೆಲ್ಲಗೆ, "ರೇಡಿಯೊದವ್ರು ಎಂದಾದ್ರೂ ಸಸಿ ಹಚ್ಯಾರೇನು?"

"ಯಾರಿಗೂ ಹೇಳಬ್ಯಾಡ, ನನ್ನವ್ವ," ಯಂಕವ್ವ ಕೆಸರುಗೈಯಲ್ಲೇ ಕೈ ಮುಗಿದಳು.

ಇಮಾಮಬೀಯ ಕಿವಿ ಬಲು ಚುರುಕು. "ಅಂದ್ರ ತೇಲೂರು ನೀನ ಮಾಡೀಯೇನು?"

"ಹೂಂ."

"ಮೂರು ವರ್ಷ ನಮಗ ಸುಳ್ಳು ಹೇಳೀಯಲ್ಲ!" ಕಸ್ತೂರೆಮ್ಮ ಉರಿದುಬಿದ್ದಳು. ಯಂಕವ್ವನಿಗೆ ಅಳು ಒತ್ತರಿಸಿ ಬಂತು. ಎಲ್ಲ ಮುಗಿಯಿತು ಅಂದುಕೊಂಡಳು.

ಇಮಾಮಬೀ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. "ಮಾಡಿದಾಕಿ ಇಲ್ಲೇ ಅದಾಳ, ನಾವ್ಯಾಕ ಬಡಿದಾಡಬೇಕು? ಹೇಳ ಯಂಕವ್ವ, ಹೆಂಗ ಮಾಡಿದಿ?"

ಯಂಕವ್ವ ನೀರನ್ನೇ ನೋಡುತ್ತಿದ್ದಳು. "ಬಗ್ಗಿ ಬಗ್ಗಿ ಸೊಂಟ ನೋಯ್ತಿತ್ತು. ತಲಿ ಎತ್ತಾಕ ಪುರಸೊತ್ತು ಇರಲಿಲ್ಲ. ಅದಕ್ಕ ಆಕಾಶಾನ ಕೆಳಗ ಇಟ್ಕೊಂಡೆ."

ಎಲ್ಲರೂ ಕಾಲ ಕೆಳಗಿನ ಮೋಡ ನೋಡಿದರು. ಕಸ್ತೂರೆಮ್ಮ ಮೂಗೊರೆಸಿಕೊಂಡು ಹೊಸ ಸಸಿಕಟ್ಟನ್ನು ಯಂಕವ್ವನ ಕೈಗಿಟ್ಟಳು.

"ಮುಂದ ಹೇಳು. ಇನ್ನ ರೇಡಿಯೊದ ಹೆಸರು ಎತ್ತಿದ್ರ ನೋಡು ಮತ್ತ!"