ಮಗಳ ಪರವಾಗಿ ಉತ್ತರ

ಚಳಿ ಶುರುವಾದರೆ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಸುಟ್ಟ ಗೆಣಸಿನ ವಾಸನೆ ಏಳುತ್ತದೆ. ನೀವು ದಿಲ್ಲಿಗೆ ಬಂದರೆ ಸ್ವೆಟರಿನ ಚೌಕಾಶಿ ಆಮೇಲಿರಲಿ, ಮೊದಲು ಇದನ್ನು ತಿನ್ನಿ. ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ನಿಂಬೆ ಹಿಂಡಿ, ಮಸಾಲೆ ಉದುರಿಸಿ ದೊನ್ನೆಯಲ್ಲಿ ಕೊಡುತ್ತಾರೆ. ಮೊನ್ನೆ ಮಗಳು ನಿಧಿಯ ಜೊತೆ ಗೆಣಸಿನ ಗಾಡಿಯ ಮುಂದೆ ನಿಂತಾಗ, ಮಗಳಿಗೆ ಖಾರ ಹಾಕಲೇ ಎಂದು ಮಾರುವ ಭಯ್ಯಾ ನನ್ನನ್ನೇ ಕೇಳಿದ. ಬಾಯಿ ತೆರೆದೆ. ಮುಚ್ಚಿದೆ. ಈ ಮುಚ್ಚುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ನನ್ನ ಉದ್ಯೋಗ ಹೇಳಿದರೆ ನಿಮಗೆ ಅರ್ಥವಾದೀತು. ಸಚಿವಾಲಯವೊಂದರಲ್ಲಿ ಕೂತು, ಸಂಸತ್ತಿನಲ್ಲಿ ಮಂತ್ರಿಗಳಿಗೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆದುಕೊಡುತ್ತೇನೆ. ಕೇಳುವವರು ಯಾರೋ, ಹೇಳುವವರು ಯಾರೋ, ನಡುವೆ ನಾನು. ಇಷ್ಟು ವರ್ಷದಲ್ಲಿ ಒಂದು ಉತ್ತರವೂ ತಡವಾಗಿಲ್ಲ ಎಂಬ ಜಂಬ ಬೇರೆ.

ನಿಧಿ ಒಂಬತ್ತು ವರ್ಷದವಳಿದ್ದಾಗ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲಿಂದ ಬಿದ್ದಳು. ಮೆದುಳಿಗೆ ಪೆಟ್ಟು. ಜೀವ ಉಳಿಯಿತು, ನಡಿಗೆಯೂ ಮರಳಿತು. ಆದರೆ ಅರಳು ಹುರಿದಂತೆ ಮಾತಾಡುತ್ತಿದ್ದವಳು ಒಂದೊಂದು ಪದಕ್ಕೂ ತಡಕಾಡತೊಡಗಿದಳು. ಇನ್ನು ಇವಳು ತಾನಾಗಿ ಮಾತಾಡುವುದೇ ಇಲ್ಲವೇನೋ ಎಂದು ನಾನು ಹೆದರಿಹೋಗಿದ್ದೆ.

ಹೆಂಡತಿ ಸುಮಾ ಒಂದು ಆನ್‌ಲೈನ್ ಗುಂಪು ಹುಡುಕಿದಳು. ಇಂಥ ಮಕ್ಕಳ ಅಪ್ಪ ಅಮ್ಮಂದಿರು, ಎಲ್ಲ ಕನ್ನಡದವರು, ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ಸೇರುತ್ತಿದ್ದರು. ನಡೆಸುತ್ತಿದ್ದವರು ಮೈಸೂರಿನ ಸ್ಪೀಚ್ ಥೆರಪಿಸ್ಟ್ ವಸುಧಾ ಮೇಡಂ. ಒಂದು ವಾರ ಅವರು ಕೊಟ್ಟ ಹೋಂವರ್ಕು, ಊಟದ ಹೊತ್ತಿನ ಹತ್ತು ನಿಮಿಷದ ವಿಡಿಯೋ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟಕ್ಕೆ ಕೂತೆ. ಅಪ್ಪ ಎಂದರೆ ಹೀಗಿರಬೇಕು ಎಂದು ಗುಂಪೆಲ್ಲ ಮೆಚ್ಚಲಿ ಎಂಬ ಆಸೆ.

ಭಾನುವಾರ ಗುಂಪಿನೆದುರು ವಿಡಿಯೋ ಓಡಿತು. "ಪುಟ್ಟಿ, ಸಾರು ಬೇಕಾ? ಹ್ಞಾಂ, ಬೇಕಂತೆ. ಹಪ್ಪಳ? ಸಾಕಂತೆ." ಎಲ್ಲ ನನ್ನದೇ ದನಿ. ಹುಬ್ಬಳ್ಳಿಯ ಶಾಂತಕ್ಕ, ಅವರ ಮಗನಿಗೂ ತಲೆಗೆ ಪೆಟ್ಟಾಗಿತ್ತು, ಮೆಲ್ಲಗೆ ಅಂದರು: "ತಪ್ಪ ತಿಳ್ಕೋಬ್ಯಾಡ್ರಿ ಸರ. ಆ ಹುಡುಗಿ ಮೂರ ಸಲ ಬಾಯಿ ತಗದ್ಳು. ಮೂರೂ ಸಲ ನೀವ ಮಾತಾಡಿದ್ರಿ."

ಮತ್ತೆ ಹಾಕಿ ನೋಡಿದೆವು. ಹೌದು, ತುಟಿ ಅಲುಗುತ್ತಿತ್ತು. ಕ್ಯಾಮೆರಾ ಆರಿಸಬೇಕೆಂದೂ ತೋಚದೆ ಎಲ್ಲರೆದುರೇ ಅತ್ತುಬಿಟ್ಟೆ.

"ಪ್ರಶ್ನೆ ಕೇಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ ಸರ್. ಔಷಧಿ ಅವಳಿಗಲ್ಲ, ನಿಮಗೆ," ಎಂದರು ಮೇಡಂ.

ಮೊದಲ ವಾರ ನಾನು ನಾಲ್ಕು ದಾಟಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದೆ. ಸುಮಾ ಹಲ್ಲುನೋವೇ ಎಂದು ವಿಚಾರಿಸಿದಳು. ಹನ್ನೊಂದನೆಯ ದಿನ, ಸಾರು ಹೇಗಿದೆ ಎಂದು ಕೇಳಿ ಎಂಟು ಎಣಿಸುವಷ್ಟರಲ್ಲಿ ನಿಧಿ, "ಉಪ್ಪಿಲ್ಲ" ಎಂದಳು. ನಿಜವಾಗಿಯೂ ಉಪ್ಪಿರಲಿಲ್ಲ. ಅಷ್ಟು ಹೊತ್ತು ಅದನ್ನೇ ಉಣ್ಣುತ್ತಿದ್ದ ನನಗೆ ಗೊತ್ತೇ ಆಗಿರಲಿಲ್ಲ.

ಮೊನ್ನೆ ಗಾಡಿಯ ಮುಂದೆ ಆರು ಎಣಿಸುವಷ್ಟರಲ್ಲೇ ಉತ್ತರ ಬಂತು. "ಭಯ್ಯಾ, ಮಿರ್ಚಿ ಕಮ್. ನಿಂಬೂ... ಜ್ಯಾದಾ." ಖಾರ ಕಡಿಮೆ, ನಿಂಬೆ ಹೆಚ್ಚು. ಆಮೇಲೆ ನನ್ನತ್ತ ತಿರುಗಿ, "ಅಪ್ಪಾ, ನಿಂಗೆ?" ಎಂದಳು.

ನಾನು ಕರ್ಚೀಫಿಗಾಗಿ ಜೇಬು ತಡಕಾಡಿದೆ. ಹಿಂದೆ ಜನ ಕಾಯುತ್ತಿದ್ದರು. ಭಯ್ಯಾ ತಾಳ್ಮೆಗೆಟ್ಟು ಈ ಸಲ ಅವಳನ್ನು ಕೇಳಿದ, ಅಪ್ಪನಿಗೂ ಹಾಗೇ ಹಾಕಲೇ ಎಂದು.

ನಿಧಿ ಅಂಗೈ ಎತ್ತಿ ಅವನನ್ನು ತಡೆದಳು, ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ.

"ರುಕೋ ಭಯ್ಯಾ. ಅಪ್ಪ... ಅವರೇ ಹೇಳ್ತಾರೆ."