ಅಳತೆಯಣ್ಣನ ಒಂದು ವೋಲ್ಟು

ಕಿವಿ ಆಸ್ಪತ್ರೆಯ ಉಪಕರಣಗಳ ಕೋಣೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಅಳತೆಯಣ್ಣ. ಅಂಗಡಿಯಿಂದ ಆಗಷ್ಟೇ ತಂದ ಬ್ಯಾಟರಿಯನ್ನೂ ಮೀಟರಿಗೆ ತೋರಿಸದೆ ನಂಬುವ ಆಸಾಮಿಯಲ್ಲ. "ನಾನು ನಕ್ಕರೂ ಎಷ್ಟು ಇಂಚು ಅಂತ ನೋಡ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ಅವನ ಕಾಲೆಳೆಯುತ್ತಿದ್ದಳು.

ಅವನ ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ ಒಂದು ಪೆಟ್ಟಿಗೆಯಿತ್ತು. ಕಿವಿ ಪರೀಕ್ಷೆಯ ಅಂಕಿಅಂಶಗಳನ್ನು ಕಲೆಹಾಕುವುದೂ ಅದೇ, ಇಯರ್‌ಫೋನಿಗೆ ಟಿಕ್ ಟಿಕ್ ಎನ್ನುವ ಪಲ್ಸ್ ಕಳಿಸುವುದೂ ಅದೇ. ಪೆಟ್ಟಿಗೆಯ ಪಲ್ಸ್ ಐದು ವೋಲ್ಟು, ಕಿವಿಗೆ ಬೇಕಾದದ್ದು ಒಂದೇ ವೋಲ್ಟು. ನಡುವೆ ಒಂದು ಸಣ್ಣ ಬೋರ್ಡು ಹಾಕಿ, ತಿರುಪು ತಿರುಗಿಸಿ ಐದನ್ನು ಒಂದಕ್ಕೆ ಇಳಿಸುವುದು ಅವನ ಕೆಲಸ. ತಿರುಪು ಮುಟ್ಟಿದಾಗಲೆಲ್ಲ ಮೊದಲು ತನ್ನ ಕಿವಿಗೇ ಹಾಕಿ ನೋಡುತ್ತಿದ್ದ. ಬೇರೆಯವರ ಕಿವಿ ಆಮೇಲೆ.

ಹೆಂಡತಿ ಈಚೆಗೆ ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಾಳೆ ಅನ್ನಿಸಿ, ಒಂದು ಮಧ್ಯಾಹ್ನ ಅವಳನ್ನು ಕರೆತಂದು ಕೂರಿಸಿದ. ಬಲಗಿವಿಗೆ ಇಯರ್‌ಫೋನು ಹಾಕಿದಾಗ ಟಿಕ್ ಎಂದಾಗಲೆಲ್ಲ ಅವಳ ಬೆರಳು ಮೇಲೆದ್ದಿತು. ಎಡಗಿವಿಗೆ ಹಾಕಿದ. ಬೆರಳು ಮಡಿಲಲ್ಲೇ ಉಳಿಯಿತು.

"ಪೆಟ್ಟಿಗೇನೇ ಸೋತಿದೆ" ಎಂದ ಅಳತೆಯಣ್ಣ.

ಮೀಟರು ಹಿಡಿದು ನೋಡಿದರೆ ಅರ್ಧ ವೋಲ್ಟು. ಹೋದ ಜೀವ ಬಂದಂತಾಯಿತು ಅವನಿಗೆ. ಬಲಗಿವಿಗೆ ಟಿಕ್ ಎಂದದ್ದೂ ಇದೇ ಪೆಟ್ಟಿಗೆಯೇ. ಅದು ಅವನಿಗೆ ನೆನಪಾಗಲಿಲ್ಲ ಎಂದಲ್ಲ, ನೆನಪಾಗುವುದು ಬೇಡವಾಗಿತ್ತು. ಮೀಟರಿನಲ್ಲಿ ಒಂದು ವೋಲ್ಟು ಬರುವವರೆಗೆ ತಿರುಪು ಏರಿಸಿದ.

"ಈಗ ಕೇಳುತ್ತೆ ನೋಡು" ಎಂದು, ಅಭ್ಯಾಸಬಲದಿಂದ ಮೊದಲು ತನ್ನ ಕಿವಿಗೇ ಸಿಕ್ಕಿಸಿಕೊಂಡ. ಕಿವಿಗೆ ಮೊಳೆ ಹೊಡೆದ ಹಾಗಾಯಿತು. ಕಿತ್ತು ಮೇಜಿನ ಮೇಲೆ ಹಾಕಿದಾಗ ಕಣ್ಣಲ್ಲಿ ನೀರು.

ಪಕ್ಕದ ಮೇಜಿನಲ್ಲಿ ಕೂರುವ ತಂತ್ರಜ್ಞೆ ಎದ್ದು ಬಂದಳು. "ಅಣ್ಣಾ, ಪಲ್ಸಿಗೆ ಮೀಟರ್ ಹಿಡಿದ್ರಾ? ಹಿಡೀಬೇಡಿ ಅಂತ ನಮಗೆಲ್ಲ ಹೇಳ್ಕೊಟ್ಟಿದ್ದು ನೀವೇ ಅಲ್ವಾ?"

ಹೌದು, ಅವನೇ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ಪಾಠವೇ ಅದು. ಈ ಪಲ್ಸ್ ಅರ್ಧ ಹೊತ್ತು ಒಂದು ವೋಲ್ಟು, ಅರ್ಧ ಹೊತ್ತು ಸೊನ್ನೆ. ಮೀಟರು ಪಾಪ, ಇದ್ದದ್ದನ್ನೂ ಇಲ್ಲದ್ದನ್ನೂ ಕಲಸಿ ಸರಾಸರಿ ತೋರಿಸುತ್ತದೆ. ನಿಜವಾದ ಎತ್ತರ ಬೇಕೆಂದರೆ ಪಲ್ಸನ್ನು ಗೆರೆಯಾಗಿ ಬಿಡಿಸಿ ತೋರಿಸುವ ಆಸಿಲೋಸ್ಕೋಪಿನ ಪರದೆಯನ್ನೇ ನೋಡಬೇಕು. ಅದು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವನು ಅದನ್ನು ಬಿಟ್ಟು ಮೀಟರಿಗೆ ಕೈ ಹಾಕಿದ್ದ. ಕುರುಡು ಆಸೆಗೆ ಅಳತೆಗೋಲೂ ತನಗೆ ಬೇಕಾದದ್ದೇ ಸಿಗುತ್ತದೆ.

ತಂತ್ರಜ್ಞೆ ಪರದೆಗೆ ತಂತಿ ಜೋಡಿಸಿದಳು. ಪಲ್ಸಿನ ಎತ್ತರ ಎರಡು ವೋಲ್ಟಿನ ಗೆರೆ ಮುಟ್ಟಿತ್ತು. ಅಳತೆಯಣ್ಣ ತಾನೇ ತಿರುಪು ಇಳಿಸಿ ಒಂದಕ್ಕೆ ತಂದ, ಮತ್ತೆ ತನ್ನ ಕಿವಿಗೆ ಹಾಕಿ ನೋಡಿದ. ಟಿಕ್, ಟಿಕ್. ಅಚ್ಚುಕಟ್ಟಾಗಿ ಕೇಳಿಸಿತು. ಆಮೇಲೆ ಹೆಂಡತಿಯ ಎಡಗಿವಿಗೆ ಹಾಕಿದ.

ಪರದೆಯ ಮೇಲೆ ಪಲ್ಸುಗಳು ಸಾಲಾಗಿ ಹೋಗುತ್ತಿದ್ದವು, ಅವಳ ಬೆರಳು ಮಡಿಲಲ್ಲೇ ಇತ್ತು. ಅವಳು ಪರದೆಯನ್ನು ನೋಡಲಿಲ್ಲ, ಗಂಡನ ಮುಖ ನೋಡಿದಳು.

"ಪೆಟ್ಟಿಗೆ ಸರಿಯಾಗಿದೆ ಅಲ್ವೇನ್ರೀ?"

ಅವನು ಎದ್ದು ಅವಳ ಬಲಕ್ಕೆ ಬಂದು ಕೂತ. "ಸರಿಯಾಗಿದೆ" ಎಂದ.

"ನಂಗೆ ಗೊತ್ತಿತ್ತು. ಹೇಳಿದ್ರೆ ನೀವು ಮೀಟರ್ ಹಿಡ್ಕೊಂಡು ಕೂತುಬಿಡ್ತೀರಿ ಅಂತ ಸುಮ್ಮನಿದ್ದೆ."

ಸಂಜೆ ಮನೆಗೆ ಹೋಗಲು ಬಸ್ಸು ಹತ್ತಿದರು. ಎಂದಿನಂತೆ ಅವಳು ಎಡಸಾಲಿನ ಕಿಟಕಿಯ ಪಕ್ಕ ಹೋಗಿ ಕೂತಳು, ಎಂದಿನಂತೆ ಅವನು ಅವಳ ಪಕ್ಕದಲ್ಲಿ. ಇಷ್ಟು ದಿನ ಅವಳು ಆ ಜಾಗ ಹಿಡಿಯುತ್ತಿದ್ದದ್ದು ಗಾಳಿಗೆ ಅಂದುಕೊಂಡಿದ್ದ. ಅಲ್ಲಿ ಕೂತರೆ ಅವನ ಮಾತು ಅವಳ ಬಲಗಿವಿಗೆ ಬೀಳುತ್ತಿತ್ತು.