ಗಿರಣಿಯಲ್ಲಿ ಸಿಕ್ಕ ತವರು

ಮನೆ ಕಳೆದುಕೊಂಡವರನ್ನು ಹುಡುಕುವುದು ನನ್ನ ಕೆಲಸ. ಹಾಗೆಂದರೆ ಕೇಳಿದವರು ಪೊಲೀಸ್ ಖಾತೆಯವಳೇನೋ ಎಂದು ಗಾಬರಿಯಾಗುತ್ತಾರೆ. ಅಂಥದ್ದೇನಿಲ್ಲ. ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ ಮೇಲೆ ಅಲ್ಲಿಂದ ಎದ್ದುಹೋದ ಮನೆತನಗಳು ಈಗ ಎಲ್ಲಿವೆ, ಏನು ಮಾಡಿಕೊಂಡಿವೆ, ಹಳೆಯ ಊರಿಗೆ ಹೊಳ್ಳಿ ಹೋಗುವ ಮನಸ್ಸಿದೆಯೋ ಇಲ್ಲವೋ ಎಂದು ವಿಚಾರಿಸಿ, ಮೊಬೈಲಿನಲ್ಲಿ ತುಂಬಿ ಒಂದು ಸಂಸ್ಥೆಗೆ ಕಳಿಸಬೇಕು, ಅಷ್ಟೇ. ಇರುವುದು ಬೈಲಹೊಂಗಲದಲ್ಲಿ, ಗಂಡನ ಮನೆಯಲ್ಲಿ. ತಿರುಗುವುದು ಕಿತ್ತೂರಿನಿಂದ ರಾಮದುರ್ಗದವರೆಗೆ, ಸಿಕ್ಕ ಬಸ್ಸಿನಲ್ಲಿ.

ಜನ ಒಂದು ಕಡೆ ನಿಂತಿದ್ದರೆ ಈ ಕೆಲಸ ಸಲೀಸು. ಅವರು ನಿಲ್ಲುವುದಿಲ್ಲ. ಮೊದಲು ಶಾಲೆಯ ಕೋಣೆ, ಆಮೇಲೆ ಬೀಗರ ಹಿತ್ತಲು, ಆಮೇಲೆ ಬಾಡಿಗೆ ಖೋಲಿ, ಬಾಡಿಗೆ ಏರಿತೆಂದರೆ ಇನ್ನೊಂದು ಊರು. ಪಂಚಾಯಿತಿಯಲ್ಲಿ ಕೇಳಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳುವವರಿಗೇನು, ಫ್ಯಾನಿನ ಕೆಳಗೆ ಕುಳಿತು ಹೇಳಿದರು. ನಾನು ಮಾತ್ರ ಹೊಸ ಊರಿಗೆ ಇಳಿದ ಕೂಡಲೇ ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಕೇಳುತ್ತೇನೆ. ಯಾರಿಗೂ ಹೇಳದೆ ಬಂದು ಸೇರಿದವರಿಗೂ ರೊಟ್ಟಿ ಬೇಕಲ್ಲ, ಜೋಳ ಹೊತ್ತು ಗಿರಣಿಗೆ ಬರಲೇಬೇಕು. ಹಾಗೆ ಸಿಕ್ಕವರನ್ನು ಯಾವ ಊರು ಎಂದು ಕೇಳಿದರೆ ಎಲ್ಲರೂ ಹೇಳುವುದು ನೀರು ಹೊಕ್ಕ ಹಳೆಯ ಊರಿನ ಹೆಸರನ್ನೇ. ಈಗಿರುವ ಊರನ್ನು ಯಾರೂ ತಮ್ಮದೆನ್ನುವುದಿಲ್ಲ.

ಮೊಬೈಲಿನ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಕುಟುಂಬದಿಂದ ಬೇರೆಯಾದವರು ಯಾರಾದರೂ ಇದ್ದಾರೆಯೇ? ಗದ್ದಲದಲ್ಲಿ ತಪ್ಪಿಸಿಕೊಂಡ ಮಕ್ಕಳು, ಯಾರದೋ ಮನೆಯಲ್ಲಿ ಉಳಿದ ಮುದುಕರು, ದುಡಿಯಲು ದೂರ ಹೋದ ಗಂಡಸರು, ಇಂಥವರಿಗಾಗಿ ಇಟ್ಟ ಪ್ರಶ್ನೆ. ಹೆಂಗಸರು ಮಾತ್ರ ಇದನ್ನು ಕೇಳಿದ ತಕ್ಷಣ ಮದುವೆಯಾದ ಮಗಳ ಮಾತು ತೆಗೆಯುತ್ತಾರೆ.

"ಕೊಟ್ಟ ಮಗಳನ್ನ ಇದರಾಗ ಹಿಡಿಯೂದಿಲ್ಲರಿ ಅವ್ವಾರ," ಎಂದು ನಾನು ತಡೆಯುತ್ತೇನೆ. ನಿಯಮ ಹಾಗಿದೆ. ಅವರು ಸುಮ್ಮನಾಗುತ್ತಾರೆ, ನಾನು ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ನಾನೂ ಕೊಟ್ಟ ಮಗಳೇ. ನನ್ನ ತವರು ತೊರಗಲ್ಲಿನ ಆಚೆ, ಹೊಳೆ ದಂಡೆಯ ಒಂದು ಸಣ್ಣ ಊರು. ನೀರು ಬಂದಾಗ ನಾನು ಅಲ್ಲೇ ಇದ್ದೆ, ನಾಗರ ಪಂಚಮಿಗೆ ಬಂದಿದ್ದೆ. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳಿಗೆ ಆ ವರ್ಷವೇ ಬಂದಂತಾಗುವುದಿಲ್ಲ. ಆದರೆ ತಾನಾಗಿ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು, ಅತ್ತೆಯ ಮುಂದೆ ಕುಳಿತು ಚಹಾ ಕುಡಿದು, ಕರೆದುಕೊಂಡು ಹೋಗಬೇಕು. ಕರೆಯದೆ ಹೋದರೆ ಮಗಳಿಗೂ ಮರ್ಯಾದೆಯಿಲ್ಲ, ತವರಿಗೂ ಇಲ್ಲ.

ಜೋಕಾಲಿ ಕಟ್ಟಿದ ಮರುದಿನವೇ ಅಂಗಳಕ್ಕೆ ನೀರು ಬಂತು. ಅವ್ವ ಹಬ್ಬಕ್ಕೆ ಕಟ್ಟಿದ ಉಂಡಿಯ ಡಬ್ಬಿಯನ್ನು ಅಪ್ಪಿಕೊಂಡು ಟ್ರ್ಯಾಕ್ಟರ್ ಹತ್ತಿದಳು. ತಮ್ಮ ಮತ್ತು ಅವನ ಹೆಂಡತಿ ಎಮ್ಮೆಗಳನ್ನು ಹೊಡೆದುಕೊಂಡು ಮೊದಲೇ ದಿನ್ನೆಗೆ ಹೋಗಿದ್ದರು. ಹಬ್ಬಕ್ಕೆಂದು ನನಗೆ ಕೊಡಿಸಿದ ಹಸಿರು ಇಳಕಲ್ ಸೀರೆ ಒಳಗೆ ಹಗ್ಗದ ಮೇಲೆಯೇ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಮಣ್ಣಿನ ಗೋಡೆಗಳು ಕೂತುಬಿಟ್ಟಿದ್ದವು.

ಬೈಲಹೊಂಗಲಕ್ಕೆ ಬಾ ಎಂದು ಅವ್ವನನ್ನು ಕೈ ಹಿಡಿದು ಎಳೆದೆ. "ಮಗಳ ಮನಿ ಕೂಳು ತಿಂದು ಬದುಕೂದೇನ?" ಎಂದು ಕೈ ಕೊಡವಿದಳು. ಶಾಲೆಯಲ್ಲಿ ಇದ್ದರು, ಮುರಗೋಡದಲ್ಲಿ ಇದ್ದರು, ಸವದತ್ತಿಗೆ ಹೋದರು. ಫೋನು ಬರುತ್ತಿತ್ತು, ಆಮೇಲೆ ಅಪರೂಪವಾಯಿತು. ಮುಂದಿನ ಆಷಾಢ ಬರುವ ಹೊತ್ತಿಗೆ ನಂಬರು ಹತ್ತುವುದೇ ನಿಂತಿತು. ಸವದತ್ತಿಯ ಖೋಲಿಗೆ ಹೋದರೆ ಬೀಗ.

"ಈ ಸಲ ತಮ್ಮ ಬರೂದಿಲ್ಲೇನವಾ?" ಎಂದು ಅತ್ತೆ ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಅವತ್ತು ಪಾತ್ರೆಗಳನ್ನು ಓಣಿಗೆಲ್ಲ ಕೇಳುವಂತೆ ತಿಕ್ಕಿದೆ. ಊರವರನ್ನೆಲ್ಲ ಹುಡುಕಿ ಕೊಡುವವಳಿಗೆ ತನ್ನ ಅವ್ವ ಎಲ್ಲಿದ್ದಾಳೆಂದು ಗೊತ್ತಿಲ್ಲ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಮನೆಯ ಜೊತೆಗೆ ನನ್ನ ತವರೂ ಹೋಗಿಬಿಟ್ಟಿತೇ ಎಂದು ಅನ್ನಿಸುತ್ತಿತ್ತು.

ಪಂಚಮಿಗೆ ಒಂದು ವಾರ ಇರುವಾಗ ಬೇರೊಂದು ಮನೆತನವನ್ನು ಹುಡುಕುತ್ತ ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳಕ್ಕೆ ಹೋದೆ. ಗಿರಣಿಯ ಮುಂದೆ ಡಬ್ಬಿ, ಚೀಲಗಳು ಸಾಲಾಗಿ ಇದ್ದವು. ಸಾಲಿನ ಕೊನೆಗೆ ಒಂದು ಬಟ್ಟೆಯ ಚೀಲ. ಹಸಿರು ಮೈ, ಕೆಂಪು ದಡಿ, ಕೆಸರಿನ ಕಲೆ ಪೂರ್ತಿ ಹೋಗಿರಲಿಲ್ಲ. ಹಗ್ಗದ ಮೇಲೆ ಉಳಿದಿದ್ದ ನನ್ನ ಸೀರೆ. ಚೀಲದ ಬಾಯಿಗೆ ಹಾಕಿದ ಹೊಲಿಗೆ ಅವ್ವನದು. ಆ ಹೊಲಿಗೆಯ ಕೌದಿಗಳ ಮೇಲೆ ನಾನು ಬೆಳೆದಿದ್ದೇನೆ.

"ಇದು ಯಾರದರಿ?" ಎಂದೆ.

"ಯಾರೋ ಹೊಳಿಕಡೆ ಅಜ್ಜಿದು. ಹಿಂದಿನ ಓಣ್ಯಾಗ, ಯಾತ್ರಿ ಖೋಲ್ಯಾಗ ಅದಾರ," ಎಂದ ಗಿರಣಿಯವನು.

"ನಮ್ಮ ಪೈಕಿರಿ. ನಾನ ಒಯ್ಯತೇನಿ."

"ಇನ್ನೂ ಬೀಸಿಲ್ಲವಾ!" ಎಂದು ಅವನು ಕೂಗುವಷ್ಟರಲ್ಲಿ ಚೀಲ ನನ್ನ ಸೊಂಟದ ಮೇಲಿತ್ತು.

ಅವ್ವ ಬಾಗಿಲಲ್ಲೇ ಕುಳಿತು ಮೆಂತ್ಯೆ ಸೋಸುತ್ತಿದ್ದಳು. ನನ್ನನ್ನು ನೋಡಿದಳು, ಚೀಲ ನೋಡಿದಳು.

"ಜ್ವಾಳ ಬೀಸಸದ ತಂದೀಯಲ್ಲ," ಎಂದಳು. ಇಷ್ಟು ದಿನದ ಮೇಲೆ ಅವ್ವನ ಮೊದಲ ಮಾತು ಇದು.

ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಯಾರೂ ಕರೆದಿರಲಿಲ್ಲ. ಕೊರಳಲ್ಲಿದ್ದ ಗುರುತಿನ ಕಾರ್ಡು ಎತ್ತಿ ತೋರಿಸಿದೆ. ಹಟವೂ ಇತ್ತು, ಬೇರೆ ದಾರಿಯೂ ಇರಲಿಲ್ಲ.

"ಹೊಳಿ ಮಂದಿ ಸರ್ವೇರಿ. ನಾಕು ಮಾತು ಕೇಳೂದೈತಿ."

ಅವ್ವ ಕಾರ್ಡನ್ನೂ ನನ್ನ ಮುಖವನ್ನೂ ಒಂದು ಗಳಿಗೆ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಬರ್ರಿ, ಕುಂದರ್ರಿ," ಎಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು.

ಮೂವರು ಮಲಗಿದರೆ ಬಾಗಿಲು ತೆಗೆಯಲು ಬಾರದಂಥ ಖೋಲಿ. ದೇವರು ಒಂದು ಸ್ಟೂಲಿನ ಮೇಲೆ. ತಮ್ಮನೂ ಅವನ ಹೆಂಡತಿಯೂ ಗುಡ್ಡದ ಮೇಲೆ ಕಾಯಿ ಅಂಗಡಿಯಲ್ಲಿ ಕೂಲಿಗೆ ಹೋಗಿದ್ದರು. ಹುಣ್ಣಿಮೆ ಬಂದರೆ ಮಾಲೀಕ ಖೋಲಿಯನ್ನು ಯಾತ್ರಿಕರಿಗೆ ಕೊಡುತ್ತಾನಂತೆ. ಆಗ ಇವರು ಗಂಟು ಕಟ್ಟಿಕೊಂಡು ಅಂಗಡಿಯ ಕೆಳಗೆ ಮಲಗಬೇಕು. ಹೊಳೆ ಒಂದು ಸಲ ಎಬ್ಬಿಸಿತು, ಹುಣ್ಣಿಮೆ ಪ್ರತಿ ತಿಂಗಳೂ ಎಬ್ಬಿಸುತ್ತಿತ್ತು.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ಮೂರು ಮಂದಿರಿ."

"ಮೊದಲಿನ ಊರಿಗೆ ಹೊಳ್ಳಿ ಹೋಗೂ ವಿಚಾರ ಐತೇನ್ರಿ?"

"ವಿಚಾರ ಐತ್ರಿ. ಮನಿ ಇಲ್ಲ."

"ಮನಿಯಿಂದ ಬ್ಯಾರೆ ಆದವರು ಯಾರರ ಅದಾರೇನ್ರಿ?"

ಅವ್ವ ಜೋಳದ ಚೀಲದ ಮೇಲೆ ಕೈಯಾಡಿಸಿದಳು. "ಒಬ್ಬಾಕಿ ಮಗಳದಾಳ್ರಿ."

"ಕೊಟ್ಟ ಮಗಳನ್ನ ಇದರಾಗ ಹಿಡಿಯೂದಿಲ್ಲರಿ," ಎಂದುಬಿಟ್ಟೆ. ದಿನಾ ಹೇಳಿ ಹೇಳಿ ಬಾಯಿ ಪಾಠವಾದ ಮಾತು, ತಡೆಯುವುದರೊಳಗೆ ಹೊರಬಿತ್ತು.

"ಯಾಕ ಹಿಡಿಯೂದಿಲ್ಲ?" ಅವ್ವನ ದನಿ ಏರಿತು, ಮರ್ಯಾದೆಯೆಲ್ಲ ಬಿದ್ದುಹೋಯಿತು. "ಎಲ್ಲದಾಳ ಗೊತ್ತೈತಿ, ಯಾ ಬಸ್ಸಿಗೆ ಹ್ವಾದ್ರ ಸಿಗತಾಳ ಗೊತ್ತೈತಿ. ಕರದು ಎಲ್ಲೆ ಕುಂದರಸ್ಲಿ ಆಕಿನ್ನ? ನಿನ್ನ ತಮ್ಮ ಎರಡ ಸಲ ಬಸ್‌ಸ್ಟ್ಯಾಂಡ್ ತನಕ ಹೋಗಿ ಹೊಳ್ಳಿ ಬಂದಾನ. ಫೋನ್ ಬಂದ್ ಮಾಡಂತ ನಾನ ಹೇಳೇನಿ. ನೀ ಕೇಳಿದ್ರ ಏನಂತ ಹೇಳೂದಿತ್ತು?"

ಮೊಬೈಲು ಕೆಳಗಿಟ್ಟೆ. ಎಷ್ಟೋ ಅವ್ವಂದಿರನ್ನು ಇದೇ ಮಾತಿನಿಂದ ಸುಮ್ಮನಾಗಿಸಿದ್ದೆ. ಯಾಕೆ ಎಂದು ಕೇಳಿದವಳು ನನ್ನವ್ವ ಒಬ್ಬಳೇ. ನಾನು ಅತ್ತುಬಿಟ್ಟೆ, ಚೆನ್ನಾಗಿ ಅತ್ತೆ. ಅವ್ವ ಅಳಲಿಲ್ಲ, ಚಹಾಕ್ಕೆ ಇಟ್ಟಳು.

ಸಂಜೆ ಹೊರಟಾಗ ಹೊಸ್ತಿಲ ಒಳಗೇ ನಿಂತು ಸೆರಗು ಒಡ್ಡಿದೆ. ತವರಿನಿಂದ ಹೊರಡುವ ಮಗಳ ಸೆರಗಿಗೆ ಕಾಳು, ಕಾಯಿ ಹಾಕಿ ಉಡಿ ತುಂಬುವುದು ನಮ್ಮ ರೂಢಿ. ಸರ್ವೇಗೆ ಬಂದವರಿಗೆ ಯಾರೂ ಉಡಿ ತುಂಬುವುದಿಲ್ಲ. ಅವ್ವ ಹಿಂದೆ ಸರಿದಳು. ಅಪ್ಪ ತೀರಿಕೊಂಡಾಗಿನಿಂದ ಉಡಿ ತುಂಬುವುದು ತಮ್ಮನ ಹೆಂಡತಿಯ ಕೆಲಸ, ಅವ್ವ ಅರಿಷಿಣ ಕುಂಕುಮವನ್ನು ಮುಟ್ಟುವುದಿಲ್ಲ.

"ಆಕಿ ಬರಲಿ ತಡಿ. ನಾ ತುಂಬಬಾರದವಾ. ಮಂದಿ ಏನಂದಾರು?"

"ಯಾ ಮಂದಿ? ಆಡ್ಕೊಳ್ಳಾಕ ಊರಾದ್ರೂ ಎಲ್ಲೈತಿ?" ಎಂದೆ. ಒರಟಾಗಿಯೇ ಎಂದೆ.

ಅವ್ವ ಹಸಿರು ಚೀಲದ ಬಾಯಿ ಬಿಚ್ಚಿ, ಎರಡೂ ಕೈಯಿಂದ ಜೋಳ ಮೊಗೆದು ನನ್ನ ಸೆರಗಿಗೆ ಹಾಕತೊಡಗಿದಳು. ಒಂದಿಷ್ಟು ಕಾಳು ನೆಲಕ್ಕೆ ಚೆಲ್ಲಿದವು. "ಪಂಚಮಿಗೆ ಕರಿಯಾಕ ತಮ್ಮನ್ನ ಕಳಸ್ತೇನಿ," ಎಂದಳು. "ಕಾಲು ಚಾಚಾಕ ಜಾಗಾ ಇಲ್ಲ ಮತ್ತ. ಆಮ್ಯಾಲ ಗೊಣಗಬ್ಯಾಡ."

ಬಸ್ಸಿನಲ್ಲಿ ಪಕ್ಕದ ಮುದುಕಿ ನನ್ನ ಸೆರಗಿನ ಗಂಟು ನೋಡಿ ನಕ್ಕಳು. "ತವರಮನಿಗೆ ಹೋಗಿದ್ದೇನವಾ? ಯಾವೂರು?"

ಮೊದಲು ನಾಲಿಗೆಗೆ ಬಂದದ್ದು ಹೊಳೆ ದಂಡೆಯ ಆ ಹೆಸರೇ. ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಉಗರಗೋಳರಿ," ಎಂದೆ.